ಸುಗುಣಳ ಪಡುಗೋಡೆ

ಪಡುಹಿತ್ಲಿನ ದುಗ್ಗಪ್ಪ ಮೀನು ಹಿಡಿಯಲು ಕಡಲಿಗೆ ಹೋದದ್ದು ಬದುಕಿನಲ್ಲಿ ಒಂದೇ ಸಲ. ಆಗ ಅವನಿಗೆ ಮೀಸೆ ಮೂಡಿರಲಿಲ್ಲ. ದೋಣಿ ಹೊಳೆಬಾಯಿಯ ಅಳಿವೆ ದಾಟಿ ಕಡಲು ಸೇರುವ ಮೊದಲೇ ಬೆಳಗಿನ ಗಂಜಿಯನ್ನೂ ಹಿಂದಿನ ರಾತ್ರಿಯ ಊಟವನ್ನೂ ನೀರಿಗೆ ಒಪ್ಪಿಸಿ, ಹುಟ್ಟು ಹಾಕುತ್ತಿದ್ದವರ ಕಾಲು ಹಿಡಿದು ದಡಕ್ಕೆ ಬಿಡಿಸಿಕೊಂಡು ಬಂದ. ಆಮೇಲೆ ಐಸಿನ ವ್ಯಾಪಾರ ಹಿಡಿದ. ಮೀನಿಗೂ ಅವನಿಗೂ ಇದ್ದ ಸಂಬಂಧವೆಲ್ಲ ಮೀನು ಸತ್ತ ಮೇಲಿನದು.

ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಕಡಲ ಬದಿಯಲ್ಲಿ ಹುಟ್ಟಿದವರೆಲ್ಲ ಬಲೆ ಎಳೆಯಲೇಬೇಕೆಂದು ಪಂಚಾಯತ್ ರಾಜ್ ಕಾಯಿದೆಯಲ್ಲಿ ಎಲ್ಲೂ ಬರೆದಿಲ್ಲ. ತೊಂದರೆ ಶುರುವಾದದ್ದು 2005ರಲ್ಲಿ ಅವನು ಗ್ರಾಮ ಪಂಚಾಯತ್ ಸದಸ್ಯನಾದ ಮೇಲೆ. ಉಳಿದ ಸದಸ್ಯರಲ್ಲಿ ಹೆಚ್ಚಿನವರು ಹೆದ್ದಾರಿಯ ಮೂಡು ಬದಿಯ ಗದ್ದೆಯವರು. ಅಮಾವಾಸ್ಯೆಯ ಸ್ನಾನಕ್ಕೆ ಮೊಣಕಾಲವರೆಗೆ ಇಳಿದದ್ದೇ ಅವರ ಕಡಲಿನ ಅನುಭವ. ಪಡು ಬದಿಯವನು ಎಂದರೆ ಕಡಲು ಕುಡಿದವನು ಎಂದು ಅವರು ತಾವಾಗಿಯೇ ತಿಳಿದರು. ದುಗ್ಗಪ್ಪ ಅಲ್ಲ ಅನ್ನಲಿಲ್ಲ. ಚಹಾ ಬರುವ ತನಕದ ಬಿಡುವಿನಲ್ಲಿ ಒಂದೆರಡು ಬಿರುಗಾಳಿಯ ಕಥೆ ಹೇಳಿದ. ಕಥೆ ಮಾವನದು, ಅಲೆಯ ಎತ್ತರ ಮಾತ್ರ ಸ್ವಂತದ್ದು. ವರ್ಷ ಕಳೆಯುವುದರೊಳಗೆ ಬೀದಿದೀಪದ ವಿಷಯದಲ್ಲೂ ಅಧ್ಯಕ್ಷೆ ವಿಜೇತಾ, 'ಕಡಲು ಕಂಡವರು ದುಗ್ಗಪ್ಪಣ್ಣ, ಅವರು ಹೇಳಲಿ' ಎನ್ನುವ ಮಟ್ಟಕ್ಕೆ ಬಂತು.

2007ರ ಜನವರಿಯಲ್ಲಿ ಸುಗುಣಳ ಅರ್ಜಿ ಬಂತು.

ಸುಗುಣ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವವಳು. ಗಂಡ ಇಲ್ಲ, ಹೈಸ್ಕೂಲಿಗೆ ಹೋಗುವ ಮಗಳು ದಿವ್ಯಾ ಇದ್ದಾಳೆ. ಇಬ್ಬರೂ ಇರುವುದು ಅಣ್ಣನ ಮನೆಯ ಜಗಲಿಯಲ್ಲಿ. ಅಣ್ಣನ ಮಗನಿಗೆ ಮದುವೆ ನಿಶ್ಚಯವಾಗಿ, ಮಳೆಗಾಲಕ್ಕೆ ಮೊದಲು ಜಗಲಿ ಖಾಲಿ ಮಾಡಬೇಕೆಂದು ಅತ್ತಿಗೆ ನಯವಾಗಿ ಮೂರು ಸಲ, ನಯವಿಲ್ಲದೆ ಒಂದು ಸಲ ಹೇಳಿಯಾಗಿತ್ತು. ತಾಯಿಯ ಪಾಲಿನಿಂದ ಬಂದ ಐದು ಸೆಂಟ್ಸು ಜಾಗ ಕಡಲಿನವರ ದೈವ ಬೊಬ್ಬರ್ಯನ ಗುಡಿಯ ಎದುರಿಗೆ, ಕಡಲ ಬದಿಗಿತ್ತು. ಎರಡು ಕೋಣೆ, ಒಂದು ಅಡುಗೆಮನೆ, ಮೇಲೆ ಹಂಚು. ವಸತಿ ಯೋಜನೆಯಲ್ಲಿ ಸಹಾಯಧನವೂ ಮಂಜೂರಾಗಿತ್ತು. ಬೇಕಾದದ್ದು ಪಂಚಾಯತಿನ ಪರವಾನಿಗೆ ಒಂದೇ. ಅದನ್ನು ಕೊಡಿಸುವುದು ತನ್ನ ಎಡಗೈಯ ಕೆಲಸ ಎಂದು ದುಗ್ಗಪ್ಪ ಅವಳಿಗೆ ಐಸಿನ ಪೆಟ್ಟಿಗೆಯ ಮೇಲೆ ಕೈಯಿಟ್ಟು ಹೇಳಿದ್ದ.

ತಕರಾರು ಹಾಕಿದವನು ಸುಧಾಕರ, ಎರಡು ಬೋಟುಗಳ ಧಣಿ. ಅವನ ಮೀನಿನ ಲಾರಿ ತಿರುಗಲು ವರ್ಷಗಳಿಂದ ಬಳಸುತ್ತಿದ್ದದ್ದು ಸುಗುಣಳ ಈ ಐದು ಸೆಂಟ್ಸನ್ನೇ. ಇದು ಊರಿಗೆಲ್ಲ ಗೊತ್ತಿತ್ತು. ಆದ್ದರಿಂದ ತಕರಾರಿನಲ್ಲಿ ಲಾರಿಯ ಹೆಸರಿರಲಿಲ್ಲ. ಕಡಲಿನಿಂದ ಬರುವ ದೋಣಿಗಳಿಗೆ ಬೊಬ್ಬರ್ಯನ ಗುಡಿಯ ಬಿಳಿ ಗೋಡೆಯೇ ತಲೆತಲಾಂತರದ ಗುರುತು. ಅದನ್ನು ನೋಡಿಯೇ ಅಳಿವೆ ಹೊಗುವುದು. ಗುಡಿಯ ಎದುರು ಮನೆ ಎದ್ದರೆ ಗುರುತು ಮುಚ್ಚಿ ದೋಣಿಗಳು ಬಂಡೆಗೆ ಬಡಿದು ಪ್ರಾಣಹಾನಿ ಆಗುವ ಸಂಭವವಿದೆ ಎಂದಿತ್ತು. ಸುಳ್ಳೇನೂ ಅಲ್ಲ. ಸಣ್ಣ ನಾಡದೋಣಿಯವರು ಆ ಗೋಡೆಯನ್ನೇ ನಂಬಿದ್ದರು. ಸುಧಾಕರನ ಎರಡೂ ಬೋಟುಗಳಲ್ಲಿ ಮಾತ್ರ ಜಿಪಿಎಸ್ ಇತ್ತು. ಗುಡಿಯ ಗೋಡೆಯನ್ನು ಅವನು ನೋಡುತ್ತಿದ್ದದ್ದು ವರ್ಷಕ್ಕೊಮ್ಮೆ, ದೈವದ ಕೋಲದ ದಿನ.

ಸಭೆಯಲ್ಲಿ ಎಲ್ಲರೂ ದುಗ್ಗಪ್ಪನ ಕಡೆ ತಿರುಗಿದರು. ದುಗ್ಗಪ್ಪ ಗಂಟಲು ಸರಿಮಾಡಿಕೊಂಡು, ಬಡ ಹೆಂಗಸಿನ ಮನೆ, ದೈವವೂ ಮೆಚ್ಚುವ ಕೆಲಸ ಎಂದು ಶುರುಮಾಡಿದ್ದ. ಮೂಲೆಯಲ್ಲಿ ಕೂತಿದ್ದ ಸುಧಾಕರ ಎದ್ದು ಬಹಳ ಮರ್ಯಾದೆಯಿಂದ ಒಂದು ಪ್ರಶ್ನೆ ಕೇಳಿದ.

"ದುಗ್ಗಪ್ಪಣ್ಣ, ನೀವೇ ಹೇಳಿ. ಅಳಿವೆ ಒಳ್ಗೆ ಬಪ್ಪತಿಗೆ ಗುಡಿ ಗೋಡೆನ ಯಾವ ಬದಿಗ್ ಇಟ್ಕಂಡ್ ಬತ್ರಿ?"

ಎಡ ಎನ್ನಬಹುದಿತ್ತು, ಬಲ ಎನ್ನಬಹುದಿತ್ತು. ಅರ್ಧಕ್ಕರ್ಧ ಸರಿಯಾಗುವ ಸಂಭವವಿತ್ತು. ಗೊತ್ತಿಲ್ಲ ಎನ್ನುವ ಮೂರನೆಯ ಉತ್ತರವೂ ಇತ್ತು. ಅದನ್ನು ಹೇಳಿದ್ದರೆ ಸುಗುಣಳಿಗೆ ಆ ಮಳೆಗಾಲದೊಳಗೆ ಮನೆ ಆಗುತ್ತಿತ್ತೋ ಏನೋ. ಆದರೆ ಎರಡು ವರ್ಷಗಳ ಬಿರುಗಾಳಿಗಳು ಅವನ ಬೆನ್ನ ಹಿಂದೆ ಸಾಲಾಗಿ ನಿಂತಿದ್ದವು. ದುಗ್ಗಪ್ಪ ಕಣ್ಣು ಕಿರಿದು ಮಾಡಿ, ಕಚೇರಿಯ ಗೋಡೆಯಾಚೆ ದಿಗಂತವನ್ನು ನೋಡಿದವನಂತೆ ಹೇಳಿದ:

"ಇದೆಲ್ಲ ಕುರ್ಚಿ ಮೇಲೆ ಕೂಕಂಡ್ ಹೇಳು ಮಾತಲ್ಲ. ಕಡಲಿಂದ್ಲೇ ಕಾಣ್ಕ್."

ಮಾತು ಅಲ್ಲಿಗೆ ಮುಗಿಯುತ್ತದೆ ಎಂದು ಅವನು ಎಣಿಸಿದ್ದ. ಕಾರ್ಯದರ್ಶಿ ಲೀಲಾಧರ ಅಂಥ ಮಾತನ್ನು ಮುಗಿಯಲು ಬಿಡುವವರಲ್ಲ. ಬಾರ್ಕೂರಿನ ಕಡೆಯಿಂದ ದಿನವೂ ಎರಡು ಬಸ್ಸು ಬದಲಿಸಿ ಬರುವ, ನಿಯಮ ಎಂದರೆ ನಿಯಮ ಎನ್ನುವ ಮನುಷ್ಯ. ಸ್ಥಳ ತನಿಖೆಯನ್ನು ಸ್ಥಳಕ್ಕೆ ಹೋಗಿಯೇ ಮಾಡಬೇಕು, ಸ್ಥಳ ಕಡಲಿನಲ್ಲಿದ್ದರೆ ಕಡಲಿಗೆ, ಎಂದು ಬರೆದುಕೊಂಡರು. ತನಿಖೆಗೆ ಹೋಗುವವರು: ಕಾರ್ಯದರ್ಶಿ, ತಕರಾರುದಾರ, ಮತ್ತು ಅನುಭವಸ್ಥ ಸದಸ್ಯ ದುಗ್ಗಪ್ಪ. ಅಧ್ಯಕ್ಷೆ ದಡದಿಂದ ಮಾರ್ಗದರ್ಶನ ನೀಡುವುದೆಂದಾಯಿತು.

ಮನೆಯಲ್ಲಿ ಸುದ್ದಿ ಕೇಳಿದ ಹೆಂಡತಿ ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು.

"ಹ್ವಾಯ್, ಉಯ್ಯಾಲಿ ಕಂಡ್ರೇ ನಿಮ್ಗೆ ತಲಿ ತಿರ್ಗತ್ತ್. ನೀವ್ ಕಡಲಿಗೆ ಹೋಪುದಾ?"

ಸರಕಾರಿ ಕೆಲಸ, ಹೋಗದಿದ್ದರೆ ಆಗುವುದಿಲ್ಲ ಎಂದು ದುಗ್ಗಪ್ಪ ಗಂಭೀರವಾಗಿ ಹೇಳಿದ. ಸುಗುಣಳಿಗೆ ಮೊದಲೇ ನಿಜ ಹೇಳಿಬಿಡಿ, ಪಾಪದ ಹೆಣ್ಣು ನಿಮ್ಮನ್ನು ನಂಬಿದ್ದಾಳೆ ಎಂದು ಹೆಂಡತಿ ಅಂದಳು. ನಿಜ ಹೇಳಲು ಸರಿಯಾದ ಸಮಯ ಬೇಕು ಎಂದು ಅವನು ಸಮಜಾಯಿಷಿ ಕೊಟ್ಟ. ಆ ಸಮಯ ಬರಲಿಲ್ಲ. ಸಾಮಾನ್ಯವಾಗಿ ಅದು ಬರುವುದಿಲ್ಲ.

ಇಲ್ಲದ ಮನೆಯನ್ನು ಕಡಲಿನಿಂದ ನೋಡುವುದು ಹೇಗೆ? ಲೀಲಾಧರರಿಗೆ ಉಪಾಯ ಹೊಳೆಯಿತು. ಮನೆ ಬರುವ ಜಾಗದಲ್ಲಿ ಬಿದಿರಿನ ಗಳು ನೆಟ್ಟು ಮನೆಯ ಎತ್ತರಕ್ಕೆ ಬಿಳಿ ಬಟ್ಟೆ ಕಟ್ಟುವುದು. ಬಟ್ಟೆ ಶಾಮಿಯಾನದ ಅಂಗಡಿಯಿಂದ ಬಂತು, ನಾಟಕಕ್ಕೆ ಬಾಡಿಗೆಗೆ ಕೊಡುವ ದೊಡ್ಡ ಪರದೆ. ಕತ್ತರಿಸಬಾರದು, ಮಡಚಿ ಗಂಟು ಹಾಕಬಾರದು, ನೆಲದ ಮಣ್ಣು ತಾಗಬಾರದು ಎಂದು ಅಂಗಡಿಯವನು ಷರತ್ತು ಹಾಕಿದ್ದ. ಕಟ್ಟಲು ಬಂದ ಕೂಲಿಯಾಳು ಕರಿಯ ಮೂರೂ ಷರತ್ತುಗಳನ್ನು ಪ್ರಾಮಾಣಿಕವಾಗಿ ಪಾಲಿಸಿದ. ಹಾಗಾಗಿ ಬಟ್ಟೆ ನೆಲದಿಂದ ಒಂದಡಿ ಮೇಲೆ ಶುರುವಾಗಿ ಹತ್ತೊಂಬತ್ತಡಿ ಎತ್ತರದಲ್ಲಿ ಮುಗಿಯಿತು. ಸುಗುಣಳ ನಕ್ಷೆಯಲ್ಲಿದ್ದ ಗೋಡೆ ಹತ್ತಡಿಯದು.

ಬುಟ್ಟಿ ಇಳಿಸಿ ನೋಡಿದ ಸುಗುಣ, ತನ್ನ ಮನೆ ಇಷ್ಟು ಎತ್ತರವಿಲ್ಲ ಎಂದಳು. "ಕಡಲಿಂದ ಕಾಂಬುಕೆ ಅಲ್ದಾ ಅಕ್ಕ, ದೊಡ್ಡದಿದ್ರೆ ಒಳ್ಳೆದೇ," ಎಂದ ಕರಿಯ. ಅವಳು ದುಗ್ಗಪ್ಪನ ಹತ್ತಿರ ಹೇಳಿದಳು. ದುಗ್ಗಪ್ಪ ಆಗ ಲಿಂಬೆಹಣ್ಣು ಮೂಸುತ್ತ ದಡದಲ್ಲಿ ನಿಂತು ಮನಸ್ಸಿನಲ್ಲೇ ಹರಕೆ ಹೊರುತ್ತಿದ್ದ. ಎಲ್ಲ ತಾನು ನೋಡಿಕೊಳ್ಳುವುದಾಗಿ ಕೈಸನ್ನೆ ಮಾಡಿದ.

ಆ ದಿನ ಫೆಬ್ರವರಿಯ ಕಡಲು ತಟ್ಟೆಯಲ್ಲಿಟ್ಟ ಹಾಲಿನಂತೆ ಅಲುಗದೆ ಇತ್ತು. ಇದನ್ನು ಇಲ್ಲಿ ದಾಖಲಿಸಲೇಬೇಕು, ಏಕೆಂದರೆ ಅಂದು ಭಾರಿ ಗಾಳಿಯಿತ್ತೆಂದು ದುಗ್ಗಪ್ಪ ಆಮೇಲೆ ಬಹಳ ಕಡೆ ಹೇಳಿದ್ದಾನೆ. ದೋಣಿ ಐತನದು. ಐತ ವಯಸ್ಸಾದ ನಾಡದೋಣಿಯವನು, ಮಾತು ಕಡಿಮೆ. ದುಗ್ಗಪ್ಪ ಹತ್ತಿದ ರೀತಿ ನೋಡಿಯೇ ಐತನಿಗೆ ಎಲ್ಲ ಅರ್ಥವಾಯಿತು; ಒಂದು ಪ್ಲಾಸ್ಟಿಕ್ ಬಕೆಟ್ಟನ್ನು ಸದ್ದಿಲ್ಲದೆ ಅವನ ಬದಿಗೆ ಸರಿಸಿದ.

ಬಕೆಟ್ಟು ಬೇಗ ಉಪಯೋಗಕ್ಕೆ ಬಂತು. ಲೀಲಾಧರರಿಗೂ ಅದರಲ್ಲಿ ಪಾಲು ಬೇಕಾಯಿತು. ಸರಿಯಾಗಿ ಯಾವ ಜಾಗದಿಂದ ನೋಡಬೇಕೆಂಬ ಪ್ರಶ್ನೆ ಎದ್ದಾಗ ಸುಧಾಕರ ಅಂಗಿಯ ಜೇಬಿನಿಂದ ಅಂಗೈಯಗಲದ ಜಿಪಿಎಸ್ ತೆಗೆದು, ಇನ್ನೂ ಸ್ವಲ್ಪ ಬಡಗು ದಿಕ್ಕಿಗೆ ಹೋಗಬೇಕು ಎಂದ. ಇದೆಂಥ ಯಂತ್ರ ಎಂದು ಲೀಲಾಧರ ಬಕೆಟ್ಟಿನಿಂದ ತಲೆ ಎತ್ತಿ ಕೇಳಿದರು.

"ಗುಡಿ ಗುರ್ತ್ ಎಲ್ಲಿಂದ ಕಾಣ್ಕ್ ಅಂತ ಇದ್ರಗೆ ಗೊತ್ತಾತ್ತ್," ಎಂದ ಸುಧಾಕರ.

ಯಂತ್ರ ಇದ್ದ ಮೇಲೆ ಗುರುತು ಯಾಕೆ ಎಂದು ಕೇಳುವ ಸ್ಥಿತಿಯಲ್ಲಿ ಕಾರ್ಯದರ್ಶಿಗಳು ಇರಲಿಲ್ಲ. ಅನುಭವಸ್ಥ ಸದಸ್ಯರು ದೋಣಿಯ ತಳದಲ್ಲಿ ಬಲೆಯ ಮೇಲೆ ಕವುಚಿ ಮಲಗಿದ್ದರು. ಐತ ಎಂಜಿನ್ ನಿಲ್ಲಿಸಿ ದಡದ ಕಡೆ ಕೈಯಡ್ಡ ಹಿಡಿದು ನೋಡಿದ. ಗುಡಿ ಪೂರ್ತಿ ಮುಚ್ಚಿಹೋಗಿತ್ತು. ಅದರ ಎದುರು ಹತ್ತೊಂಬತ್ತಡಿಯ ಬಟ್ಟೆ ಬಿಸಿಲಿಗೆ ಉರಿಯುವಂತೆ ಹೊಳೆಯುತ್ತಿತ್ತು. ಗುಡಿಗಿಂತ ಇದೇ ಚೆನ್ನಾಗಿ ಕಾಣುತ್ತದೆ, ಇಷ್ಟು ಒಳ್ಳೆಯ ಗುರುತು ತಾನು ನೋಡಿಯೇ ಇಲ್ಲ ಎಂದ. ಲೀಲಾಧರ ಪೆನ್ನು ಹಿಡಿದು, ಸದಸ್ಯರು ಖುದ್ದು ನೋಡಿ ಅಭಿಪ್ರಾಯ ಹೇಳಬೇಕು ಎಂದರು. ಐತ ದುಗ್ಗಪ್ಪನ ಕಂಕುಳಿಗೆ ಕೈಹಾಕಿ ಎಬ್ಬಿಸಿ, ಕುತ್ತಿಗೆಯನ್ನು ದಡದ ಕಡೆ ತಿರುಗಿಸಿ ಹಿಡಿದ.

"ಎಂತ ಕಾಣ್ತ್ ದುಗ್ಗಪ್ಪಣ್ಣ?"

"ಬೆಳಿ," ಎಂದ ದುಗ್ಗಪ್ಪ. ಆ ಹೊತ್ತಿಗೆ ಅವನಿಗೆ ಆಕಾಶವೂ ಬಿಳಿ, ಕಡಲೂ ಬಿಳಿ, ಸುಧಾಕರನೂ ಬಿಳಿಯಾಗಿದ್ದ. 'ಬಟ್ಟೆಯು ಉತ್ತಮ ಗುರುತಾಗಿ ಕಂಡುಬರುವುದೆಂದು ಸದಸ್ಯರು ದೃಢಪಡಿಸಿದರು' ಎಂದು ಲೀಲಾಧರ ಬರೆದರು.

ಮುಂದಿನ ಸಭೆಯಲ್ಲಿ ಲೀಲಾಧರರ ತರ್ಕವನ್ನು ಯಾರಿಂದಲೂ ಮುರಿಯಲಾಗಲಿಲ್ಲ. ಗುರುತು ಹೋಗುತ್ತದೆ ಎಂಬುದು ತಕರಾರು. ತನಿಖೆಯಲ್ಲಿ ಗುರುತು ಹೋಗಿಲ್ಲ, ಸುಧಾರಿಸಿದೆ. ಆದ್ದರಿಂದ ಮನೆಗೆ ಪರವಾನಿಗೆ ಕೊಡತಕ್ಕದ್ದು. ಆದರೆ ತನಿಖೆ ಮಾಡಿದ್ದು ಹತ್ತೊಂಬತ್ತಡಿಯ ಬಟ್ಟೆಯನ್ನು. ಹತ್ತಡಿಯ ಗೋಡೆಯನ್ನು ಯಾರೂ ನೋಡಿಲ್ಲ. ಆದ್ದರಿಂದ ಮನೆಯ ಪಡು ಗೋಡೆ ಬಟ್ಟೆಯಷ್ಟೇ ಎತ್ತರ, ಬಟ್ಟೆಯಷ್ಟೇ ಅಗಲ, ಬಟ್ಟೆಯಷ್ಟೇ ಬಿಳಿ ಇರತಕ್ಕದ್ದು. ಸುಧಾಕರ ಯೋಚಿಸಿದ. ಹತ್ತೊಂಬತ್ತಡಿ ಗೋಡೆ ಕಟ್ಟುವ ತಾಕತ್ತು ಸುಗುಣಳಿಗೆ ಇಲ್ಲ, ಲಾರಿ ತಿರುಗುತ್ತಲೇ ಇರುತ್ತದೆ. ತಕ್ಷಣ ತಕರಾರು ಹಿಂದೆ ತೆಗೆದು, ಕಿಟಕಿ ಇಟ್ಟರೆ ದೂರದಿಂದ ಕಪ್ಪು ಕಂಡು ದೋಣಿಯವರು ತಪ್ಪುತ್ತಾರೆ, ಪಡು ಬದಿಗೆ ಕಿಟಕಿ ಬೇಡವೆಂದು ಸೂಚಿಸಿದ. ಅವನ ಜನಪರ ಕಾಳಜಿಯನ್ನು ಅಧ್ಯಕ್ಷೆ ಮೆಚ್ಚಿದರು. ಎಲ್ಲರೂ ಕೈಯೆತ್ತಿದರು. ದುಗ್ಗಪ್ಪ ಎರಡೂ ಕೈಯೆತ್ತಿದ.

ಪರವಾನಿಗೆಯನ್ನು ಅವನೇ ಸುಗುಣಳಿಗೆ ಕೊಂಡುಹೋಗಿ ಕೊಟ್ಟ. ಮಗಳು ದಿವ್ಯಾ ಓದಿ ಹೇಳಿದಳು. ಸುಗುಣ ಕಾಗದವನ್ನು ಮಡಚುತ್ತ ಕೇಳಿದಳು.

"ಆ ಗೋಡಿ ಕಟ್ರೆ ಮನಿ ಕಟ್ಟುಕೆ ಎಂತ ಉಳಿತ್ತ್ ದುಗ್ಗಪ್ಪಣ್ಣ? ಇದ್ ನಂಗೆ ಇಪ್ಪುಕೋ, ದೋಣಿಯವ್ರಿಗೆ ಕಾಂಬುಕೋ?"

ಪರವಾನಿಗೆ ಸಿಕ್ಕಿದ್ದು ದೊಡ್ಡದು, ಉಳಿದದ್ದು ಸಣ್ಣದು ಎಂದು ದುಗ್ಗಪ್ಪ ವಿವರಿಸಿದ. ತನ್ನ ಮಾತು ತನಗೇ ಹಿಡಿಸಿ, ಹೊರಡುವಾಗ ಇನ್ನೊಮ್ಮೆ ಹೇಳಿದ.

ಇಷ್ಟರಲ್ಲಿ ಸುಧಾಕರನ ಲೆಕ್ಕಾಚಾರವೂ ತಲೆಕೆಳಗಾಯಿತು. ಶಾಮಿಯಾನದವನು ಪರದೆ ವಾಪಸು ಒಯ್ಯಲು ಬಂದಾಗ ನಾಡದೋಣಿಯವರು ಬಿಡಲಿಲ್ಲ. ಕೆಲವು ವಾರಗಳಲ್ಲೇ ಅವರಿಗೆ ಅದು ಅಭ್ಯಾಸವಾಗಿಹೋಗಿತ್ತು. ಬಟ್ಟೆ ತೆಗೆದರೂ ಹಳೆಯ ಗುಡಿಯ ಗೋಡೆ ಇನ್ನು ಅವರ ಕಣ್ಣಿಗೆ ಹತ್ತುವಂತಿರಲಿಲ್ಲ. ದೋಣಿಯವರ ಸಂಘ ಸಭೆ ಸೇರಿ, ಆ ಗೋಡೆಯನ್ನು ತಾವೇ ಕಟ್ಟಿಸುವುದೆಂದು ತೀರ್ಮಾನಿಸಿತು. ಸುಗುಣಳನ್ನು ಒಪ್ಪಿಸುವ ಕೆಲಸ ದುಗ್ಗಪ್ಪನ ಪಾಲಿಗೆ ಬಂತು. ನಾಲ್ಕು ಗೋಡೆಯಲ್ಲಿ ಒಂದು ಧರ್ಮಕ್ಕೆ ಸಿಗುತ್ತದೆ, ಉಳಿದ ಮೂರನ್ನು ನಿನಗೆ ಬೇಕಾದಷ್ಟು ತಗ್ಗಿಸಿ ಕಟ್ಟಿಕೋ ಎಂದ. ಈ ಲೆಕ್ಕದಲ್ಲಿ ತಪ್ಪು ಹುಡುಕಲು ಸುಗುಣಳಿಗೆ ಆಗಲಿಲ್ಲ. ಒಪ್ಪಿದಳು.

ಮೇ ತಿಂಗಳೊಳಗೆ ಕೆಂಪು ಮುರಕಲ್ಲಿನ ಗೋಡೆ ಎದ್ದಿತು. ಒಂಟಿ ಗೋಡೆ ಪಡುಗಾಳಿಗೆ ಬೀಳಬಾರದೆಂದು ಮೇಸ್ತ್ರಿ ಮೂಡು ಬದಿಯಿಂದ ಮೂರು ಕಲ್ಲಿನ ಆಸರೆ ಕೊಟ್ಟ. ಆಸರೆಗಳು ಜಾಗದ ನಡುಮಧ್ಯದವರೆಗೂ ಕಾಲು ಚಾಚಿದವು. ಕಡಲಿನ ಕಡೆಗೆ ಗಾರೆ ಮಾಡಿ ಸುಣ್ಣ ಹೊಡೆದರು. ಸಂಘದ ವಾರ್ಷಿಕೋತ್ಸವದಲ್ಲಿ ದುಗ್ಗಪ್ಪನಿಗೆ ಶಾಲು ಹೊದೆಸಿ, ಮೀನುಗಾರರ ಪ್ರಾಣರಕ್ಷಕ ಎಂದು ಭಾಷಣ ಮಾಡಿದರು. ಪೇಪರಿನಲ್ಲಿ ಅವನು ಗೋಡೆಯ ಮುಂದೆ ನಿಂತ ಫೋಟೋ ಬಂತು. ಬದಿಯಲ್ಲಿ ನಿಂತಿದ್ದ ಸುಗುಣಳನ್ನು ಅಂಕಣದ ಅಗಲಕ್ಕೆ ಸರಿಯಾಗಿ ಕತ್ತರಿಸಿದ್ದರು. ಮೀನಿನ ಬುಟ್ಟಿಯ ಅಂಚು ಮಾತ್ರ ಉಳಿದಿತ್ತು.

ವಸತಿ ಯೋಜನೆಯ ಎಂಜಿನಿಯರು ಕುಂದಾಪುರದಿಂದ ಬಂದು ಟೇಪು ಹಿಡಿದು ನೋಡಿದರು. ಆಸರೆಗಳ ನಡುವೆ ಎರಡು ಕೋಣೆ, ಅಡುಗೆಮನೆ ಕೂರುವುದಿಲ್ಲ, ಇರುವ ಕಟ್ಟಡ ನಕ್ಷೆಗೆ ಹೊಂದುವುದಿಲ್ಲ, ಸಹಾಯಧನ ಬಿಡುಗಡೆ ಸಾಧ್ಯವಿಲ್ಲ ಎಂದು ಬರೆದು ಹೋದರು. ಆಸರೆ ಕೆಡವಬಹುದೇ ಎಂದು ಕೇಳಿದರೆ ಸಂಘದವರು, ಗೋಡೆ ಬಿದ್ದರೆ ದೋಣಿಗಳ ಗತಿಯೇನು ಎಂದು ತಿರುಗಿ ಕೇಳಿದರು. ಅಷ್ಟರಲ್ಲಿ ಮಳೆ ಹಿಡಿಯಿತು, ಜಗಲಿ ಖಾಲಿಯಾಯಿತು. ಸುಗುಣ ಗೋಡೆಯ ಮೂಡು ಬದಿಗೆ, ಎರಡು ಆಸರೆಗಳ ನಡುವೆ, ತೆಂಗಿನ ಮಡಲೂ ಪ್ಲಾಸ್ಟಿಕ್ಕೂ ಹೊದೆಸಿ ಮಗಳ ಜೊತೆ ಒಳಹೊಕ್ಕಳು. ಪಡುವಣ ಮಳೆ ಒಂದು ಹನಿಯೂ ಒಳಗೆ ಬರುವುದಿಲ್ಲ, ಅದೃಷ್ಟವಂತೆ ಎಂದು ಅತ್ತಿಗೆ ಊರಿಗೆಲ್ಲ ಹೇಳಿದಳು. ಮನೆಯಲ್ಲದ್ದರಿಂದ ಮನೆ ನಂಬ್ರ ಇಲ್ಲ. ನಂಬ್ರ ಇಲ್ಲದ್ದರಿಂದ ಕರೆಂಟು ಇಲ್ಲ. ದಿವ್ಯಾ ಹತ್ತನೆಯ ತರಗತಿಯ ಪಾಠವನ್ನು ಬೊಬ್ಬರ್ಯನ ಗುಡಿಯ ಬಲ್ಬಿನಡಿ ಓದಿದಳು.

ಮಳೆ ಬಿಟ್ಟ ಮೇಲೆ ಸುಧಾಕರನ ಎರಡನೆಯ ಅರ್ಜಿ ಬಂತು. ಇದರಲ್ಲೂ ಲಾರಿಯ ಹೆಸರಿರಲಿಲ್ಲ. ಸಾರ್ವಜನಿಕ ಗುರುತಿಗೆ ತಾಗಿಸಿ ಅನಧಿಕೃತ ಶೆಡ್ ಕಟ್ಟಲಾಗಿದೆ, ಒಲೆಯ ಹೊಗೆ ಗೋಡೆಯ ಮೇಲಿನಿಂದ ಎದ್ದು ಗುರುತು ಮಸುಕಾಗುತ್ತಿದೆ, ತೆರವು ಮಾಡಿಸಬೇಕು. ತನ್ನ ಶೆಡ್ಡಿಗಾದರೂ ನಂಬ್ರ ಕೊಡಿ ಎಂದು ಸುಗುಣಳೂ ಒಂದು ಅರ್ಜಿ ಕೊಟ್ಟಳು. ಎರಡನ್ನೂ ಸೇರಿಸಿ ಸ್ಥಳ ತನಿಖೆಗೆ ಪಂಚಾಯತ್ ಮತ್ತೆ ದುಗ್ಗಪ್ಪನನ್ನೇ ನೇಮಿಸಿತು. ಈ ವಿಷಯದಲ್ಲಿ ಈಗ ಅವನು ಶಾಲು ಹೊದೆಸಿಕೊಂಡ ಪರಿಣತ.

ದುಗ್ಗಪ್ಪ ಮತ್ತು ಲೀಲಾಧರ ಬಂದಾಗ ಸುಗುಣ ಮೀನು ಮಾರಿ ಆಗ ತಾನೇ ಬಂದಿದ್ದಳು. ಬೈಯುತ್ತಾಳೆ ಎಂದು ದುಗ್ಗಪ್ಪ ತಯಾರಾಗಿದ್ದ, ಬೈದಿದ್ದರೆ ಸುಲಭವಿತ್ತು. ಅವಳು ಕುಡಿಯಲು ನೀರು ಕೊಟ್ಟಳು.

"ಈ ಸಲ ದೋಣಿ ಹತ್ತುದ್ ಬ್ಯಾಡ, ದುಗ್ಗಪ್ಪಣ್ಣ. ನಿಮ್ಗೆ ಆತಿಲ್ಲೆ ಅಂತ ಐತಣ್ಣ ಹೇಳಿರ್. ಇಲ್ಲೇ ನಿಂತ್ಕಂಡ್ ಕಾಣಿ."

ದುಗ್ಗಪ್ಪ ತಲೆ ಬಗ್ಗಿಸಿ ಮಡಲಿನಡಿ ಹೊಕ್ಕ. ಈ ಬದಿಗೆ ಗಾರೆ ಇರಲಿಲ್ಲ, ಸುಣ್ಣ ಇರಲಿಲ್ಲ. ಹಸಿ ಮುರಕಲ್ಲು ಹತ್ತೊಂಬತ್ತಡಿ ಎದ್ದು ನಿಂತಿತ್ತು. ಕಲ್ಲುಗಳ ಸಂದಿಯಲ್ಲಿ ಹೊಡೆದ ಮೊಳೆಗಳಿಗೆ ಒಂದು ಕೊಡೆ, ಒಂದು ಚೀಲ, ದಿವ್ಯಾಳ ಯೂನಿಫಾರ್ಮು. ನೆಲದ ಮೇಲೆ ಸುತ್ತಿಟ್ಟ ಚಾಪೆ ಒಂದೇ. ಇನ್ನೊಂದಕ್ಕೆ ಜಾಗ ಸಾಲದು. ದಿವ್ಯಾ ಹಚ್ಚಿದ್ದ ಒಲೆಯ ಹೊಗೆಯಿಂದಲೋ ಏನೋ ಅವನ ಕಣ್ಣು ತುಂಬಿತು. ಹೊರಗಿನಿಂದ ಲೀಲಾಧರ, ಏನು ಕಾಣುತ್ತದೆ ಹೇಳಿ, ಬರೆದುಕೊಳ್ಳಬೇಕು, ಬಸ್ಸಿಗೆ ಹೊತ್ತಾಯಿತು ಎಂದರು.

ಸುಗುಣ ಅವನ ಬಾಯನ್ನೇ ನೋಡುತ್ತಿದ್ದಳು. ಹೇಳಬೇಕಾದದ್ದು ಬಹಳವಿತ್ತು. ಯಾವುದನ್ನು ಮೊದಲು ಹೇಳುವುದೆಂದು ತಿಳಿಯದೆ, ಬದುಕಿನಲ್ಲಿ ಒಮ್ಮೆಯಾದರೂ ಕಂಡದ್ದನ್ನೇ ಹೇಳುವುದೆಂದು ನಿಶ್ಚಯಿಸಿ, ದುಗ್ಗಪ್ಪ ಕಣ್ಣೊರೆಸಿಕೊಂಡು ಹೇಳಿದ:

"ನಂಗೆ ಇಲ್ಲಿಂದ ಎಂತದೂ ಕಾಣ್ತಿಲ್ಲೆ ಮರಾಯ್ರೆ."

ಲೀಲಾಧರ ನಿಂತಲ್ಲೇ ಬರೆದರು: 'ಸದಸ್ಯರು ಖುದ್ದು ವೀಕ್ಷಿಸಲಾಗಿ, ಸದರಿ ಶೆಡ್ಡಿನ ಹೊಗೆಯಿಂದಾಗಿ ಗುರುತು ಕಾಣುವುದಿಲ್ಲವೆಂದು ದೃಢಪಡಿಸಿದರು.' ಆಮೇಲೆ ಪೆನ್ನನ್ನೂ ಕಾಗದವನ್ನೂ ಮಡಲಿನಡಿಗೆ ಚಾಚಿದರು. ರುಜು ಎಲ್ಲಿ ಹಾಕಬೇಕೆಂದು ದುಗ್ಗಪ್ಪ ಕೇಳಿದ. ಲೀಲಾಧರ ಜಾಗ ತೋರಿಸಿದರು.